ಛಾವಣಿಗೆ ಒತ್ತಿ ತೋರಿಸುವ ಗಟ್ಟಿತನ

ಹೋದ ವಾರ ಹೈದರಾಬಾದಿನ ಕೊಂಡಾಪುರದ ಒಂದು ಅಂಗಡಿಯಲ್ಲಿ ನಿಂತು ನಾನು ಕಿರುಚಾಡಿದೆ.

ಸಂದಿಗೊಂದಿಯ ಅಂಗಡಿಯಲ್ಲ. ಗಾಜಿನ ಬಾಗಿಲು, ಎ.ಸಿ., ಗೋಡೆಯ ಮೇಲೆ ದೊಡ್ಡ ಟಿ.ವಿ. ಅದರೊಳಗೆ ಯಾರೋ ಒಬ್ಬ ವಿದೇಶಿ ದೋಣಿಯಲ್ಲಿ ನಿಂತು ಮೀನಿಗೆ ಮುತ್ತು ಕೊಡುತ್ತಿದ್ದ. ನನ್ನ ದನಿ ಏರಿದ್ದಕ್ಕೆ ಪಕ್ಕದ ಕಾಫಿ ಶಾಪಿನಿಂದ ಕೊರಳಿಗೆ ಐಡಿ ಕಾರ್ಡ್ ತೂಗುಹಾಕಿಕೊಂಡ ಇಬ್ಬರು ಕಪ್ ಹಿಡಿದುಕೊಂಡೇ ಇಣುಕಿದರು. ಇಣುಕಲಿ. ನಮ್ಮವರು (ಅಂದರೆ ನನ್ನ ಗಂಡ, ಈ ಅಂಕಣದ ಖಾಯಂ ಬಲಿಪಶು) ನನ್ನ ಮೊಣಕೈ ಮುಟ್ಟಿ, "ಸಣ್ಣಗ ಮಾತಾಡು" ಅಂದರು. ನಾನು ಇನ್ನೂ ಜೋರಾಗಿ ಮಾತಾಡಿದೆ.

ಯಾಕೆ? ಮೀನು ಹಿಡಿಯುವ ಒಂದು ಕೋಲಿನ ಸಲುವಾಗಿ.

ನಗಬೇಡಿ. ಆ ಕೋಲು ಮುರಿದು ನಮ್ಮ ವೈನಿಯ ಕಣ್ಣಿಗೆ ಬಡಿದಿತ್ತು. ಅವರಿಗೆ ಕಾಣುವುದು ಒಂದೇ ಕಣ್ಣು. ನಾನು ಕಿರುಚಾಡುತ್ತಿದ್ದ ಹೊತ್ತಿಗೆ ಆ ಒಂದು ಕಣ್ಣಿಗೆ ಪಟ್ಟಿ ಕಟ್ಟಿತ್ತು. ಪಟ್ಟಿ ಬಿಚ್ಚಿದ ಮೇಲೆ ಕಾಣುತ್ತದೋ ಇಲ್ಲವೋ, ಡಾಕ್ಟರಿಗೂ ಗೊತ್ತಿರಲಿಲ್ಲ.

ಕುಸುಮಾ ವೈನಿ ನನ್ನ ಅಣ್ಣನ ಹೆಂಡತಿ. ಮನೆ ನಾಚಾರಂನಲ್ಲಿ. ಅಣ್ಣ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ದುಡಿದು ರಿಟೈರ್ ಆದವನು. ವೈನಿಯ ಎಡಗಣ್ಣು ಗ್ಲಾಕೋಮಾದಿಂದ ಹೋಗಿ ಕೆಲವು ವರ್ಷಗಳಾದವು. ಅದಕ್ಕೂ ಮುಂಚೆ ಅವರು ಕಸೂತಿ ಹಾಕುತ್ತಿದ್ದರು. ನನ್ನ ಇಳಕಲ್ ಸೀರೆಯ ಸೆರಗಿನ ತುಂಬ ಅವರ ಕೈಯ ಗೋಪುರ, ನವಿಲು, ತುಳಸಿಕಟ್ಟೆ ಇವೆ. ಕಣ್ಣು ಹೋದ ಮೇಲೆ ಸೂಜಿ ಮುಟ್ಟಲಿಲ್ಲ. ಮನೆಗೆಲಸ ಮುಗಿಸಿ, ಟಿ.ವಿ. ಕೂಡ ಹಾಕದೆ, ಬಾಲ್ಕನಿಯಲ್ಲಿ ಕೂತಿರುತ್ತಿದ್ದರು. ನೋಡಲಾರದೆ ಒಂದು ಭಾನುವಾರ ನಾನೇ ಅವರನ್ನು ಎಬ್ಬಿಸಿಕೊಂಡು ಸಂಗಾರೆಡ್ಡಿ ಆಚೆಗಿನ ಒಂದು ಕೆರೆಗೆ ಕರೆದೊಯ್ದೆ.

ನಾನು ಮೀನು ಹಿಡಿಯುವುದು ನಿಮಗೆ ಹೊಸದಲ್ಲ. ಸಸ್ಯಾಹಾರಿ ಮನೆತನದ ಹೆಂಗಸಿಗೆ ಇದೇನು ಚಟ ಅಂತ ಬೈದು ಮೇಲ್ ಕಳಿಸಿದವರೂ ನಿಮ್ಮಲ್ಲೇ ಇದ್ದೀರಿ. ನಾವು ತಿನ್ನುವುದಿಲ್ಲ ಸ್ವಾಮಿ. ಹಿಡಿದು, ಮುಖ ನೋಡಿ, ನೀರಿಗೆ ಬಿಡುತ್ತೇವೆ. (ಮೀನಿಗೆ ಅದು ಇನ್ನೂ ದೊಡ್ಡ ಅವಮಾನ ಎಂಬುದು ನಮ್ಮವರ ವಾದ.)

ವೈನಿಗೆ ಮೊದಲ ದಿನವೇ ಹಿಡಿಸಿತು. "ಇದಕ್ಕ ಕಣ್ಣ ಬ್ಯಾಡ ನೀಲಾ. ಎಲ್ಲಾ ಬೆರಳಿಗೆ ತಿಳೀತೈತಿ" ಅಂದರು. ನಿಜ. ನೀರಿನ ಕೆಳಗೆ ಮೀನು ಮೂತಿ ತಾಗಿಸಿದರೆ ದಾರದ ಮೇಲಿಟ್ಟ ಬೆರಳಿಗೆ ಗೊತ್ತಾಗುತ್ತದೆ. ವರ್ಷಗಟ್ಟಲೆ ದಾರ ಎಳೆದ ಬೆರಳು ಅವರದು. ನನಗಿಂತ ಬೇಗ ಕಲಿತರು. ಆಮೇಲಿನ ಭಾನುವಾರಗಳಲ್ಲಿ ಫೋನ್ ಅವರ ಕಡೆಯಿಂದಲೇ ಬರತೊಡಗಿತು: "ಹೊಂಟೀರೇನು?"

ಹೋದ ಚಳಿಗಾಲದಲ್ಲಿ ವೈನಿಗೆ ದೊಡ್ಡ ಲೂರ್‌ಗಳ ಹುಚ್ಚು ಹತ್ತಿತು. ಲೂರ್ ಅಂದರೆ ಪ್ಲಾಸ್ಟಿಕ್‌ನ ನಕಲಿ ಮೀನು, ಹೊಟ್ಟೆಯ ಕೆಳಗೆ ಕೊಕ್ಕೆ. ಸಣ್ಣವು ಬೆರಳಿನಷ್ಟು. ಇವರು ಫೋನಿನಲ್ಲಿ ವಿಡಿಯೊ ನೋಡಿ ಆನ್‌ಲೈನ್ ತರಿಸಿದ್ದು ಗೇಣುದ್ದದ್ದು, ಕೈಗೆ ದಪ್ಪ ಬದನೆಕಾಯಿಯಷ್ಟು ಭಾರ. ಡಬ್ಬಿಯ ಮೇಲೆ ಅಮೆರಿಕದ ಬಾಸ್ ಎಂಬ ಮೀನಿನ ಚಿತ್ರ. ನಮ್ಮ ಕೆರೆಯಲ್ಲಿ ಆ ಮೀನೇ ಇಲ್ಲ. ಇರುವುದು ಇಲ್ಲಿಯವರು ಕೊರಮೀನು ಅನ್ನುವ, ಹಾವಿನ ತಲೆಯ ಮೀನು. ಅದಕ್ಕೆ ಡಬ್ಬಿ ಓದಲು ಬಾರದ ಕಾರಣ ಬಂದು ಕಚ್ಚುತ್ತದೆ.

ಇಷ್ಟು ಭಾರ ಎಸೆಯಲು ನಮ್ಮ ಹಳೆಯ ಸಪೂರ ಕೋಲುಗಳು ಸಾಲವು. ಗಟ್ಟಿ ರಾಡ್ ಬೇಕು. ಹಾಗೆ ವೈನಿ, ನಾನು, ನಮ್ಮವರು ಮೂವರೂ ಕೊಂಡಾಪುರದ ಆ ಅಂಗಡಿಗೆ ಹೋದೆವು.

ಮಾಲೀಕ ನಲವತ್ತರ ಆಸುಪಾಸಿನವನು, ಮೀನಿನ ಚಿತ್ರದ ಟಿ-ಶರ್ಟ್. ಪ್ರಶ್ನೆ ಕೇಳಿದವಳು ನಾನು. ಎಸೆಯುವವರು ವೈನಿ. ಅವನು ಉತ್ತರ ಕೊಟ್ಟದ್ದು ನಮ್ಮವರಿಗೆ. "ಸರ್, ಇದು ನೋಡಿ ಸರ್." ನಮ್ಮವರಿಗೆ ಮೀನಿನ ತಲೆ ಯಾವುದು, ಬಾಲ ಯಾವುದು ಅಂತ ತೋರಿಸಿಕೊಡಬೇಕು. ಆದರೂ ಸರ್ ತಲೆಯಾಡಿಸಿದರು.

ಆಮೇಲೆ ಅವನು ಒಂದು ಕಪ್ಪು ರಾಡ್ ತೆಗೆದ. ಅದರ ತೆಳ್ಳಗಿನ ತುದಿಯನ್ನು ಫಾಲ್ಸ್ ಸೀಲಿಂಗಿಗೆ ಆನಿಸಿ, ಹಿಡಿಕೆಯನ್ನು ಕೆಳಗಿನಿಂದ ಎರಡೂ ಕೈಯಲ್ಲಿ ಮೇಲಕ್ಕೆ ದೂಡಿದ. ತುದಿ ಕೊಡೆಯ ಹಿಡಿಯಂತೆ ಬಗ್ಗಿತು. ಇನ್ನೂ ದೂಡಿದ. ಇನ್ನೂ ಬಗ್ಗಿತು. "ಮುರಿಯಿತಾ? ಇಲ್ಲ. ಇದು ಗಟ್ಟಿ ಅಂದರೆ." ತಲೆ ಎತ್ತಿ ನೋಡಿದರೆ ಕೌಂಟರಿನ ಮೇಲಿನ ಸೀಲಿಂಗ್ ತುಂಬ ಚುಕ್ಕಿ ಚುಕ್ಕಿ ಗುಳಿ. ದಿನವೂ ಬಂದವರಿಗೆಲ್ಲ ಇದೇ ಪ್ರದರ್ಶನ. ನಮ್ಮವರು ಚಪ್ಪಾಳೆ ತಟ್ಟುವುದೊಂದು ಬಾಕಿ. ಪ್ಯಾಕ್ ಮಾಡಿಸಿಕೊಂಡು ಬಂದೆವು.

ಮೂರನೆಯ ಭಾನುವಾರ ಅದು ಮುರಿಯಿತು.

ಸಂಜೆ. ಬಿಸಿಲು ಇಳಿದಿದ್ದರಿಂದ ವೈನಿ ಗಾಗಲ್ ತೆಗೆದು ಬ್ಯಾಗಿಗೆ ಹಾಕಿದ್ದರು. ಕೋಲನ್ನು ಭುಜದ ಹಿಂದಕ್ಕೆ ಒಯ್ದು, ನಿಧಾನವಾಗಿ, ನಾನು ಹೇಳಿಕೊಟ್ಟದ್ದಕ್ಕಿಂತ ನಿಧಾನವಾಗಿ ಮುಂದಕ್ಕೆ ಬೀಸಿದರು. ಟಪ್ ಅಂತ ಸದ್ದು. ಮೇಲಿನ ಭಾಗ ತುಂಡಾಗಿ ದಾರದ ಮೇಲೆಯೇ ಜಾರಿ ಹಿಂದಕ್ಕೆ ಚಿಮ್ಮಿತು. ವೈನಿ ಕೂಗಲಿಲ್ಲ. ಬಲಗಣ್ಣಿನ ಮೇಲೆ ಅಂಗೈ ಮುಚ್ಚಿಕೊಂಡು ಕಲ್ಲಿನ ಮೇಲೆ ಕೂತರು. "ನೀಲಾ, ಏನೂ ಕಾಣವಲ್ದು" ಅಂದರು, ಬಹಳ ಶಾಂತವಾಗಿ.

ಸಂಗಾರೆಡ್ಡಿಯಿಂದ ಸಿಟಿಯ ಕಣ್ಣಿನ ಆಸ್ಪತ್ರೆಯವರೆಗಿನ ದಾರಿ ನನಗೆ ಈಗ ನೆನಪಿಲ್ಲ. ನಮ್ಮವರ ಡ್ರೈವಿಂಗ್, ಹಿಂದಿನ ಸೀಟಿನಲ್ಲಿ ವೈನಿಯ ಕೈ ನನ್ನ ಕೈಯಲ್ಲಿ, ಅಷ್ಟೇ. ಡಾಕ್ಟರ್ ಕೂದಲಿಗಿಂತ ತೆಳ್ಳಗಿನ, ಮುರಿದ ಕೋಲಿನ ಕಾರ್ಬನ್ ಎಳೆಯೊಂದನ್ನು ಹೊರತೆಗೆದರು. ಕಾರ್ನಿಯಾದ ಮೇಲೆ ಗೀರು. ಆಳ ಇದ್ದರೆ ಕಲೆ ಉಳಿಯುತ್ತದೆ, ಕಲೆ ಉಳಿದರೆ ನೋಟ ಕಷ್ಟ, ಕಾಯಬೇಕು ಅಂದರು. ಪಟ್ಟಿ ಕಟ್ಟಿ ಕಳಿಸಿದರು.

ವೈನಿಯನ್ನು ಮನೆಯಲ್ಲಿ ಮಲಗಿಸಿ, ಮುರಿದ ತುಂಡುಗಳನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ನಾನು ಅಂಗಡಿಗೆ ಹೋದೆ. ಈಗ ಗೊತ್ತಾಯಿತಲ್ಲ, ಯಾಕೆ ಕಿರುಚಾಡಿದೆ ಅಂತ? ಇನ್ನೂ ಪೂರ್ತಿ ಗೊತ್ತಾಗಿಲ್ಲ, ತಾಳಿ.

ಮೊದಲು ನಾನು ಕಿರುಚಲಿಲ್ಲ. ಮರ್ಯಾದೆಯಿಂದಲೇ ತುಂಡುಗಳನ್ನು ಕೌಂಟರಿನ ಮೇಲಿಟ್ಟು ನಡೆದದ್ದನ್ನು ಹೇಳಿದೆ. ಅವನು ನಮ್ಮವರ ಕಡೆ ತಿರುಗಿದ. (ಅವನ ಹೈದರಾಬಾದಿ ಹಿಂದಿಯನ್ನು ಕನ್ನಡದಲ್ಲಿ ಹೇಳುತ್ತೇನೆ.) "ಸರ್, ಇದು ಎಸೆತದ ತಪ್ಪು. ಲೇಡೀಸ್ ಅಲ್ಲವಾ, ರಿಸ್ಟ್ ಸರಿಯಾಗಿ ತಿರುಗಿಸಿರಲ್ಲ."

"ನನ್ನ ಮುಖ ನೋಡಿ ಮಾತಾಡಿ" ಅಂದೆ.

ಆಗ ಅವನು ಮುರಿದ ಕೋಲಿನ ಹಿಡಿಕೆ ತಿರುವಿ ನೋಡಿದ. ಬುಡದಲ್ಲಿ ಸಣ್ಣ ಕೆಂಪು ಟೇಪು ಸುತ್ತಿತ್ತು. ಅವನ ಮುಖ ಅರಳಿತು. ಗುರುತಿನವರು ಸಿಕ್ಕಂತೆ.

"ಮೇಡಂ, ಇದು ಮುರಿಯುವ ಮಾಲೇ ಅಲ್ಲ. ನಿಮಗೆ ನಾನು ಒಳಗಿನ ಮಾಮೂಲಿ ಪೀಸ್ ಕೊಟ್ಟಿಲ್ಲ. ಕೆಂಪು ಟೇಪು ಇದೆಯಲ್ಲ, ಇದು ಟೆಸ್ಟೆಡ್ ಪೀಸ್. ತಿಂಗಳುಗಟ್ಟಲೆ ಬಂದವರಿಗೆಲ್ಲ ಇದನ್ನೇ ಸೀಲಿಂಗಿಗೆ ಒತ್ತಿ ಬಗ್ಗಿಸಿ ತೋರಿಸಿದ್ದೇನೆ. ಕ್ಯಾ ಭೀ ನೈ ಹುವಾ."

ಏನೂ ಆಗಿಲ್ಲವಂತೆ.

ನೋಡಿ, ಅವನು ಸುಳ್ಳು ಹೇಳುತ್ತಿರಲಿಲ್ಲ. ಹೆಮ್ಮೆಯಿಂದ ಹೇಳುತ್ತಿದ್ದ. ಅವನ ಲೆಕ್ಕದಲ್ಲಿ ನಮಗೆ ಉಪಕಾರ ಮಾಡಿದ್ದ. ನನಗೆ ಮೈಯೆಲ್ಲ ಉರಿದದ್ದು ಅಲ್ಲಿ. ಕಾರ್ಬನ್ ಕೋಲು ಉಕ್ಕಿನ ಸಲಾಕೆಯಲ್ಲ. ತೆಳು ಹಾಳೆಗಳನ್ನು ಸುತ್ತಿ, ಅಂಟು ಹಾಕಿ, ಬೇಯಿಸಿ ಮಾಡಿದ ಕೊಳವೆ. ಮೀನು ಎಳೆದಾಗ ದಾರ ಕೋಲಿನುದ್ದದ ಎಲ್ಲ ರಿಂಗುಗಳ ಒಳಗಿಂದ ಹಾದುಹೋಗಿರುವುದರಿಂದ ಭಾರ ಇಡೀ ಕೋಲಿಗೆ ಹಂಚಿಹೋಗುತ್ತದೆ, ಕೊನೆಗೆ ದಪ್ಪ ಬುಡಕ್ಕೆ ಇಳಿಯುತ್ತದೆ. ಸೀಲಿಂಗಿಗೆ ಒತ್ತಿದರೆ ಇಡೀ ಭಾರ ಬೀಳುವುದು ತೀರಾ ತೆಳ್ಳಗಿನ ಜಾಗದ ಮೇಲೆ. ಹೊರಗೆ ಏನೂ ಕಾಣುವುದಿಲ್ಲ. ಒಳಗೆ ಹಾಳೆಗಳು ಒಂದೊಂದೇ ಬಿರುಕು ಬಿಡುತ್ತವೆ. ಗಟ್ಟಿ ಅಂತ ತೋರಿಸಿ ತೋರಿಸಿಯೇ ಅವನು ಅದನ್ನು ಮುರಿದಿದ್ದ. ತುಂಡಾಗುವ ಕೆಲಸ ಮಾತ್ರ ವೈನಿಯ ಪಾಲಿಗೆ ಬಿಟ್ಟಿದ್ದ.

ಇದನ್ನೇ ಕಿರುಚಿ ಹೇಳಿದೆ. ಇಂಗ್ಲಿಷು, ಹಿಂದಿ, ತೆಲುಗು, ಸಾಲದಾದಾಗ ಕನ್ನಡ.

ಪೂರ್ತಿ ಕೇಳಿದ. ಆಮೇಲೆ ಏನು ಮಾಡಿದ ಗೊತ್ತೇ? "ಓಕೆ ಮೇಡಂ, ಟೆನ್ಶನ್ ಬೇಡ, ಬದಲಿ ಪೀಸ್ ಕೊಡುತ್ತೇನೆ" ಅಂತ ಒಳಗಿನಿಂದ ಕವರ್ ಕೂಡ ಬಿಚ್ಚದ ಹೊಸ ರಾಡ್ ತಂದ. ಕವರ್ ಬಿಚ್ಚಿದ. ನನಗೆ ಸಮಾಧಾನವಾಗಲಿ ಅಂತ, ನನ್ನ ಕಣ್ಣೆದುರೇ, ಅದರ ತುದಿಯನ್ನು ಸೀಲಿಂಗಿಗೆ ಆನಿಸಿ ಒತ್ತಿದ.

ನಮ್ಮವರು ನನ್ನನ್ನು ಹೊರಗೆ ಕರೆದುಕೊಂಡು ಬಂದರು. ಕರೆದುಕೊಂಡು ಅನ್ನುವುದಕ್ಕಿಂತ ಎಳೆದುಕೊಂಡು ಅಂದರೆ ಸರಿ.

ಅವನೊಬ್ಬನನ್ನೇ ಬೈದರೆ ಅನ್ಯಾಯ. ಕೇಳುವವರು ನಾವು ತಾನೇ? ಬಗ್ಗಿಸಿ ತೋರಿಸದಿದ್ದರೆ ಗಿರಾಕಿ ನಂಬುವುದಿಲ್ಲ ಅಂತ ಅವನು ಅಂದರೆ ಅದೂ ಸುಳ್ಳಲ್ಲ. ನಾಂಪಲ್ಲಿಯ ಜನವರಿ ಎಕ್ಸಿಬಿಷನ್ನಿಗೆ ಹೋದವರಿಗೆ ಗೊತ್ತು. ಒಡೆಯದ ತಟ್ಟೆ ಮಾರುವವನು ತಟ್ಟೆಯನ್ನು ನೆಲಕ್ಕೆ ಬಡಿಯುತ್ತಾನೆ, ಮೇಲೆ ಹತ್ತಿ ಕುಣಿಯುತ್ತಾನೆ. ಜನ ಮುಗಿಬಿದ್ದು, "ಅದೇ ಕೊಡಿ, ನೀವು ಬಡಿದದ್ದೇ ಕೊಡಿ" ಅನ್ನುತ್ತಾರೆ. ಹೊಸದು ಬೇಡ ನಮಗೆ. ಒದೆ ತಿಂದು ಸುಮ್ಮನಿದ್ದದ್ದೇ ಬೇಕು. ಯಾಕೆ? ಒದೆ ತಿಂದದ್ದು ಮುಂದೆಯೂ ತಿನ್ನುತ್ತದೆ ಅಂತ ನಮಗೆ ಯಾರು ಹೇಳಿದರು?

ಭಾರದ ಲೂರ್ ಎಸೆಯುವ ಕೋಲು ಬೇಕಾದವರು ಇಷ್ಟು ಕೇಳಿಸಿಕೊಳ್ಳಿ. ಹಿಡಿಕೆಯ ಮೇಲೆ ಎಷ್ಟು ತೂಕದ ಲೂರ್ ಎಸೆಯಬಹುದು ಅಂತ ಅಚ್ಚು ಹಾಕಿರುತ್ತಾರೆ, ಅದನ್ನು ಓದಿ. ನಿಮ್ಮ ಲೂರ್ ಆ ತೂಕದ ಗಡಿಯ ಮೇಲೆ ನಿಂತಿದ್ದರೆ ಬೇಡ, ಇನ್ನೂ ಒಂದು ಮೆಟ್ಟಿಲು ಮೇಲಿನದ್ದು ತೆಗೆದುಕೊಳ್ಳಿ. ಗರಿ ಹಗುರದ ದುಬಾರಿ ಕಾರ್ಬನ್‌ಗಿಂತ ಗಾಜಿನ ಫೈಬರ್ ಬೆರೆತ, ಬುಡದವರೆಗೂ ನಿಧಾನವಾಗಿ ಬಗ್ಗುವ ಕೋಲು ಪೆಟ್ಟು ತಡೆಯುತ್ತದೆ. ರಿಂಗುಗಳ ಒಳಗೆ ಚೂರು ಹತ್ತಿ ಆಡಿಸಿ ನೋಡಿ, ಎಳೆ ಸಿಕ್ಕಿಕೊಂಡರೆ ಅಲ್ಲಿ ಒಡಕಿದೆ. ಪರೀಕ್ಷೆ ಮಾಡಲೇಬೇಕಾ? ದಾರವನ್ನು ರಿಂಗುಗಳಿಂದ ಹಾಯಿಸಿ, ಕೊಕ್ಕೆ ತೆಗೆದ ನಿಮ್ಮದೇ ಲೂರ್ ಕಟ್ಟಿ, ಮೆಲ್ಲಗೆ ತೂಗಿ ನೋಡಿ. ಮಾರುವವನು ಸೀಲಿಂಗ್ ಕಡೆ ನೋಡಿದರೆ ಕೈ ಹಿಡಿಯಿರಿ. ನಾನು ಬೇರೆ ಅಂಗಡಿಯಲ್ಲಿ ಹೀಗೆಯೇ ಒಂದನ್ನು ಆರಿಸಿ ತಂದಿಟ್ಟೆ. ಎಸೆಯುವವರಿಗೆ ಕಣ್ಣು ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲದೆ ಕೋಲು ತಂದಿಟ್ಟೆ.

ಪಟ್ಟಿ ಬಿಚ್ಚುವ ದಿನ ಅಣ್ಣ, ನಾನು ಇಬ್ಬರೂ ಇದ್ದೆವು. ವೈನಿ ರೆಪ್ಪೆ ಬಡಿದರು. ನೀರು ಸುರಿಯಿತು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಸೆರಗಿನ ಪಿನ್ನು ಬಿಚ್ಚೈತಿ ನೋಡು" ಅಂದರು. ನಾನು ಅಲ್ಲೇ ಅತ್ತೆ. ನಾಚಿಕೆ ಏನಿಲ್ಲ, ಅತ್ತೆ.

ಕಣ್ಣು ಉಳಿದಿದೆ, ಆದರೆ ಗೀರು ಇನ್ನೂ ಹಸಿ ಅಂದರು ಡಾಕ್ಟರ್. ಕೆಲವು ವಾರ ಒಲೆಯ ಮುಂದೆ ನಿಲ್ಲಬಾರದು. ಹೊಗೆ, ಆವಿ, ಒಗ್ಗರಣೆಯ ಘಾಟು ಕೂಡದು. ಡ್ರಾಪ್ಸ್ ತಪ್ಪಿಸಬಾರದು. ಅಣ್ಣ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡ. ಎರಡೆರಡು ಸಲ ತಲೆಯಾಡಿಸಿದ.

ಆ ವಾರದ ಕೊನೆಗೇ ಅವನ ಫೋನ್. "ರವಿವಾರ ಊಟಕ್ಕ ಬರ್ರಿ ಇಬ್ಬರೂ. ನಮ್ಮ ಫ್ಯಾಕ್ಟರಿ ಗೆಳೆಯರು ಬರಾಕತ್ತಾರ. ಹೋಳಿಗಿ ಐತಿ."

"ಯಾರು ಮಾಡ್ತಾರ?" ಅಂದೆ.

"ಯಾರಂದ್ರ? ಕುಸುಮಾ."

"ಡಾಕ್ಟರ್ ಏನಂದ್ರು ನೆನಪೈತೇನು ನಿನಗ?"

"ಅಯ್ಯ, ಆಕಿನೇ ಮಾಡ್ತೀನಿ ಅಂದಾಳ. ನಾ ಏನ್ ಒತ್ತಾಯ ಮಾಡಿಲ್ಲ. ಆಕಿ ಭಾಳ ಗಟ್ಟಿ ಅದಾಳ ಬಿಡು, ಏನೂ ಆಗೂದಿಲ್ಲ."

ಈ ಮಾತನ್ನು ವೈನಿ ಮದುವೆಯಾಗಿ ಬಂದಂದಿನಿಂದ ನಾನು ಕೇಳುತ್ತಿದ್ದೇನೆ. ನಮ್ಮ ಇಡೀ ಬಳಗ ಹೇಳುವ ಮಾತು. ಊರ ಕಡೆಯಿಂದ ಆಸ್ಪತ್ರೆಗೆ ಬಂದವರು, ಪರೀಕ್ಷೆಗೆ ಬಂದವರು, ವೀಸಾಕ್ಕೆ ಬಂದವರು ಎಲ್ಲ ಇಳಿಯುವುದು ನಾಚಾರಂನಲ್ಲಿ. ವೈನಿ ಗಟ್ಟಿ. ನಮ್ಮ ಅವ್ವ ಹಾಸಿಗೆ ಹಿಡಿದು ಮಲಗಿದಾಗ ಎತ್ತಿ ಇಳಿಸಿ ನೋಡಿಕೊಂಡದ್ದು ವೈನಿ. ಗಟ್ಟಿ. ಎಡಗಣ್ಣು ಗ್ಲಾಕೋಮಾದಿಂದ ಹೋಯಿತು ಅಂದೆ, ಅಲ್ಲಿಯವರೆಗೆ ಬಿಟ್ಟದ್ದು ಹೇಗೆ ಅಂತ ನಿಮಗೆ ಹೇಳಲೇ ಇಲ್ಲ ನಾನು. ಅವ್ವನ ಸೇವೆಯ ದಿನಗಳಲ್ಲಿ ತಲೆ ಸಿಡಿಯುತ್ತದೆ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ ಅಂತ ವೈನಿ ಹೇಳಿದ್ದರಂತೆ. ಗಟ್ಟಿ ಹೆಂಗಸು, ನಿದ್ದೆ ಕಡಿಮೆಯಾಗಿರಬೇಕು, ಸರಿಹೋಗುತ್ತದೆ ಅಂದರಂತೆ ಮನೆಯಲ್ಲಿ. ಡಾಕ್ಟರ್ ಹತ್ತಿರ ಹೋಗುವ ಹೊತ್ತಿಗೆ ಆ ಕಣ್ಣಿನಲ್ಲಿ ಉಳಿಸುವುದಕ್ಕೆ ಏನೂ ಇರಲಿಲ್ಲ.

ಅಂಗಡಿಯವನ ಮೇಲಿನ ಸಿಟ್ಟು ಇಳಿದಿರಲಿಲ್ಲ. ಅದರ ಮೇಲೆ ಇದು. ಭಾನುವಾರ ಊಟದ ಹೊತ್ತಿಗೆ ಮುಂಚೆ, ಬೆಳಿಗ್ಗೆಯೇ ನಾಚಾರಂಗೆ ಹೋದೆ.

ಹಾಲ್‌ನಲ್ಲಿ ಅಣ್ಣನ ಗೆಳೆಯರು ಆಗಲೇ ಕೂತಿದ್ದರು. ಒಳಗೆ ಅಡುಗೆಮನೆಯಲ್ಲಿ ವೈನಿ. ಆಸ್ಪತ್ರೆಯಲ್ಲಿ ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು, ಕಾದ ಹಂಚಿನ ಮುಂದೆ, ಹೋಳಿಗೆ ತಿರುವುತ್ತಿದ್ದರು. ತುಪ್ಪದ ಹೊಗೆ ಮುಖಕ್ಕೆ ಬಡಿಯುತ್ತಿತ್ತು. ಕನ್ನಡಕದ ಕೆಳಗಿನಿಂದ ಬಲಗೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅದನ್ನು ತೋಳಿನಿಂದ ಒರೆಸಿಕೊಳ್ಳುತ್ತಿದ್ದರು. ಹೊರಗೆ ಅಣ್ಣನ ದನಿ ಕೇಳಿಸುತ್ತಿತ್ತು. "ಕಣ್ಣಿಗೆ ಅಷ್ಟ ದೊಡ್ಡ ಪೆಟ್ಟಾಗೇತಿ. ಆದ್ರೂ ನೋಡ್ರಿ, ನಿಂತು ಹೋಳಿಗಿ ಮಾಡಾಕತ್ತಾಳ. ನಮ್ಮ ಮನಿಯಾಕಿ ಅಂದ್ರ ಅಷ್ಟ ಗಟ್ಟಿ." ಗೆಳೆಯರು ಭೇಷ್ ಅಂದರು.

ನಾನು ಗ್ಯಾಸ್ ಆರಿಸಿದೆ. ವೈನಿಯ ಕೈಯಿಂದ ಸಟ್ಟುಗ ಕಸಿದುಕೊಂಡೆ. ಹಾಲ್‌ಗೆ ಹೋಗಿ, ಉಳಿದ ಹೋಳಿಗೆ ಯಾರಿಗೂ ಸಿಗುವುದಿಲ್ಲ, ಹೋಟೆಲಿನಿಂದ ತರಿಸಿಕೊಳ್ಳಿ ಅಂತ ಹೇಳಿದೆ. ಹೇಗೆ ಹೇಳಿದೆ ಅನ್ನುವುದನ್ನು ಇಲ್ಲಿ ಅಚ್ಚು ಹಾಕಲು ಬಾರದು. ಅಣ್ಣ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಬಿಡಲಿ.

ವೈನಿಯನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಡ್ರಾಪ್ಸ್ ಹಾಕಿದೆ. ಸಿಟ್ಟು ಅವರ ಮೇಲೂ ತಿರುಗಿತು.

"ನೀವಾದ್ರೂ ಆಗೂದಿಲ್ಲ ಅನ್ನಬಾರದಿತ್ತೇನ್ರಿ ವೈನಿ?"

ವೈನಿ ಕಣ್ಣು ಮುಚ್ಚಿಕೊಂಡೇ ಇದ್ದರು.

"ಅನ್ನಬಹುದಿತ್ತು ನೀಲಾ. ಅಂದ್ರ, ಇಷ್ಟಕ್ಕ ಸೋತಳೇನು ಅಂತಾರ. ಇಷ್ಟ ವರ್ಷ ಗಟ್ಟಿ ಅನಿಸಿಕೊಂಡದ್ದೆಲ್ಲಾ ಒಂದ ದಿನಕ್ಕ ಹೋಗತೈತಿ."

ನಿಮ್ಮ ಮನೆಯಲ್ಲಿ ನೀವು ಯಾರನ್ನು ಗಟ್ಟಿ ಅಂತ ಹೊಗಳುತ್ತಿದ್ದೀರಿ?